ಮಳೆಯಲ್ಲಿ ಬೆವರು ಕಾಣುವುದಿಲ್ಲ: ಕೊಂಕಣದ ಕಡಲ ದಾರಿಯಲ್ಲಿ ಒಂದು ದಿನದ ಸೈಕಲ್ ಪ್ರಯಾಣ



ಮಳೆ ಶುರುವಾದದ್ದೇ ತಡ, ನಮ್ಮ ಗ್ರೂಪಿನಲ್ಲಿ ಸೈಕಲ್ ಫೋಟೋಗಳೂ ಶುರುವಾಗಿವೆ. ಪುಣೆಯವರು ಲೋಣಾವಳದ ಮಂಜು ಕಳಿಸುತ್ತಾರೆ. ಚೆನ್ನೈಯವರು "ನಮ್ಮ ಮಳೆ ಬರುವುದು ಅಕ್ಟೋಬರಿಗೆ" ಎಂದು ಹೊಟ್ಟೆಕಿಚ್ಚು ಪಡುತ್ತಾರೆ. ಇದರ ನಡುವೆ ಒಬ್ಬರು ಕೇಳಿದ್ದಾರೆ: "ಡಾಕ್ಟ್ರೇ, ನನಗೆ 55. ಶುಗರಿಗೆ ಮಾತ್ರೆ ತಗೊಳ್ತೇನೆ. ಮಳೆಯಲ್ಲಿ ಇಡೀ ದಿನ ಸೈಕಲ್ ತುಳಿಯಬಹುದಾ?"

ತುಳಿಯಬಹುದು. ಆದರೆ ಅಷ್ಟೇ ಹೇಳಿ ಸುಮ್ಮನಾಗಲು ನನಗೆ ಧೈರ್ಯವಿಲ್ಲ. ಕಳೆದ ವರ್ಷ ಜುಲೈಯಲ್ಲಿ ನಮ್ಮ ಭಾವನ ಜೊತೆ ಮಾಂಡ್ವಾದಿಂದ ಮುರುಡ್‌ಗೆ ಸೈಕಲ್‌ನಲ್ಲಿ ಹೊರಟಿದ್ದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಡೊಂಬಿವಲಿಯಲ್ಲಿ ಶುಗರ್ ಪೇಷಂಟುಗಳನ್ನು ನೋಡಿದ ನಾನೇ ಆ ದಿನ ಸುಮಾರು ಮುಕ್ಕಾಲು ಗಂಟೆ ಮೋಸಹೋದೆ. ಅದನ್ನೇ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಓದಿ.

*ದಾರಿ ಯಾವುದು?*

ಮುಂಬೈಯವರಿಗೆ ಗೊತ್ತಿರುವುದೇ. ಮಳೆಗಾಲದಲ್ಲಿ ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಸಣ್ಣ ಲಾಂಚುಗಳು ನಿಲ್ಲುತ್ತವೆ. ಭಾವುಚಾ ಧಕ್ಕಾದಿಂದ 2020ರಲ್ಲಿ ಶುರುವಾದ ದೊಡ್ಡ ರೋ-ರೋ ಹಡಗು ಮಾತ್ರ ಹವೆ ನೋಡಿಕೊಂಡು ಓಡುತ್ತದೆ. ಒಂದು ಗಂಟೆಯಲ್ಲಿ ಮಾಂಡ್ವಾ. ಅಲ್ಲಿಂದ ಅಲಿಬಾಗ್ ಸುಮಾರು 20 ಕಿ.ಮೀ. ಮುಂದೆ ನಾಗಾವ್, ಚೌಲ್, ರೇವದಂಡಾ. ಅಲ್ಲಿ ಕುಂಡಲಿಕಾ ನದಿಯ ಸೇತುವೆ ದಾಟಿದರೆ ಸಾಳಾವ್, ಕೋರ್ಲಾಯಿ, ಬೋರ್ಲಿ, ಕಾಶಿದ್, ಕೊನೆಗೆ ಮುರುಡ್. ಒಟ್ಟು ಸುಮಾರು 70 ಕಿ.ಮೀ.

ಊರಿನ ನೆನಪು ಬೇಕಾದವರು ಚೌಲ್ ಮತ್ತು ರೇವದಂಡಾದ ನಡುವಿನ ದಾರಿಯಲ್ಲಿ ನಿಧಾನಕ್ಕೆ ತುಳಿಯಬೇಕು. ಎರಡೂ ಬದಿಗೆ ಅಡಕೆ ತೋಟ, ತೆಂಗು, ಕೆಂಪು ಕಲ್ಲಿನ ಪಾಗಾರ, ಅದರ ಮೇಲೆ ಪಾಚಿ, ಹೆಂಚಿನ ಮಾಡಿನಿಂದ ಇಳಿಯುವ ನೀರು. ಉಡುಪಿಯನ್ನೇ ಯಾರೋ ಎತ್ತಿ ತಂದು ಇಟ್ಟ ಹಾಗೆ. ಭಾವ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು, ಬ್ರಹ್ಮಾವರದ ಕಡೆಯವರು. "ಮೂವತ್ತೈದು ವರ್ಷ ಲೋಕಲ್‌ನಲ್ಲಿ ನೇತಾಡಿದೆ ಮಾರಾಯ, ಇದು ಇಷ್ಟು ಹತ್ತಿರ ಇತ್ತು ಅಂತ ಯಾರೂ ಹೇಳಲಿಲ್ಲ" ಎಂದರು. ಸಾಳಾವ್ ದಾಟಿದ ಮೇಲೆ ಬಲಕ್ಕೆ ಸಮುದ್ರ ಬರುತ್ತದೆ. ಕೋರ್ಲಾಯಿಯ ಗುಡ್ಡದ ಮೇಲೆ ಪೋರ್ಚುಗೀಸರ ಕೋಟೆ. ಕೆಳಗಿನ ಹಳ್ಳಿಯಲ್ಲಿ ಪೋರ್ಚುಗೀಸ್ ಬೆರೆತ ಒಂದು ನುಡಿಯನ್ನು ಕೆಲವು ಮನೆಗಳಲ್ಲಿ ಇಂದಿಗೂ ಆಡುತ್ತಾರೆ. ಮನೆಯಲ್ಲಿ ಕನ್ನಡ ಉಳಿಸಿಕೊಳ್ಳಲು ಹೆಣಗುವ ನಮ್ಮಂಥವರಿಗೆ ಆ ಊರಿನವರ ಬಗ್ಗೆ ಗೌರವ ಹುಟ್ಟದೆ ಇರುವುದಿಲ್ಲ.

ಮಳೆಗಾಲದ ಗಾಳಿ ಬೀಸುವುದು ನೈರುತ್ಯದಿಂದ. ನಾವು ಹೋಗುವುದು ದಕ್ಷಿಣಕ್ಕೆ. ಅಂದರೆ ಬಯಲು ಸಿಕ್ಕಲ್ಲೆಲ್ಲ ಎದುರುಗಾಳಿ. ನಕ್ಷೆಯಲ್ಲಿ 70 ಕಿ.ಮೀ. ಇದ್ದರೂ ಕಾಲಿಗೆ ಅದು ಇನ್ನೂ ದೂರ. ಇದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ನನ್ನ ಮೊದಲ ತಪ್ಪು ಅದು.

*ಆ ದಿನ ಆದದ್ದು*

ಭಾವನಿಗೆ ಆಗ 61. ಹನ್ನೆರಡು ವರ್ಷದಿಂದ ಶುಗರ್. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎರಡೂ ಸೇರಿದ ಮಾತ್ರೆ. ಹಡಗು ತಪ್ಪಬಾರದೆಂದು ಕತ್ತಲಲ್ಲೇ ಹೊರಟೆವು. ಅವರು ಎಂದಿನ ಶಿಸ್ತಿನಲ್ಲಿ ಮಾತ್ರೆ ನುಂಗಿ, ಒಂದು ಚಾ, ಎರಡು ಬಿಸ್ಕತ್ತು ತಿಂದು ಬಂದಿದ್ದರು. ಅಲಿಬಾಗ್‌ನಲ್ಲಿ ನಾನು ಎರಡು ಪ್ಲೇಟ್ ಅವಲಕ್ಕಿ ತಿಂದೆ, ಅವರು ಅರ್ಧ ಬಿಟ್ಟರು. "ಹೊಟ್ಟೆ ಭಾರ ಆದರೆ ತುಳಿಯಲು ಆಗುವುದಿಲ್ಲ" ಎಂದರು. ರೇವದಂಡಾದಲ್ಲಿ ಒಂದು ಬೊಂಡ ಕುಡಿದರು. ಅಷ್ಟೇ.

ಕೋರ್ಲಾಯಿ ದಾಟುವಾಗ ಮಳೆ ಜೋರಾಯಿತು. ಭಾವ ಹಿಂದೆ ಬೀಳತೊಡಗಿದರು. ನಿಂತು ಕಾದೆ. ಬಂದವರು, "ನೀನು ಹೋಗು, ನನ್ನನ್ನು ಯಾಕೆ ಕಾಯ್ತಿ?" ಎಂದು ಗದರಿದರು. ನಲವತ್ತು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಎತ್ತಿದ್ದು ನೆನಪಿಲ್ಲ. ಸುಸ್ತಾಗಿದೆ, ಕೋಪ ಬಂದಿದೆ ಎಂದುಕೊಂಡೆ. ಕಾಶಿದ್ ಹತ್ತಿರದ ಏರಿನಲ್ಲಿ ಅವರ ಸೈಕಲ್ ರಸ್ತೆಯ ಮಧ್ಯಕ್ಕೆ ಎಳೆಯುತ್ತಿತ್ತು. ಎದುರುಗಾಳಿ ಎಂದುಕೊಂಡೆ. ಕೈ ನಡುಗುತ್ತಿತ್ತು. ಚಳಿ ಎಂದುಕೊಂಡು ನನ್ನ ಜಾಕೆಟ್ ತೊಡಿಸಿದೆ. ಮುಖದ ತುಂಬ ನೀರು. ಮಳೆ ಬರುವಾಗ ಮುಖದಲ್ಲಿ ನೀರಿದ್ದರೆ ಯಾರಾದರೂ ಸಂಶಯ ಪಡುತ್ತಾರಾ?

ಏರಿನ ಮೇಲೆ ಒಂದು ಚಾ ಅಂಗಡಿ ಸಿಕ್ಕಿತು. ಎರಡು ಚಾ ಹೇಳಿ ಭಾವ 500ರ ನೋಟು ಕೊಟ್ಟರು. ಅಂಗಡಿಯಾಕೆ ಚಿಲ್ಲರೆ ಕೊಟ್ಟಳು. ಅವರು ಎಣಿಸಲು ನೋಡಿದರು. ಮತ್ತೆ ಎಣಿಸಿದರು. ಮೂರನೆಯ ಸಲವೂ ಲೆಕ್ಕ ಕೂಡಲಿಲ್ಲ. ನೋಟುಗಳನ್ನು ಹಿಡಿದುಕೊಂಡು ಸುಮ್ಮನೆ ನನ್ನ ಮುಖ ನೋಡಿದರು. ಜೀವಮಾನವಿಡೀ ನೋಟು ಎಣಿಸಿದ ಮನುಷ್ಯ. ಆಗ ನನ್ನ ತಲೆಯಲ್ಲಿ ಗಂಟೆ ಬಾರಿಸಿತು.

ಗ್ಲುಕೋಮೀಟರ್ ಹಾಕಿ ನೋಡಿದರೆ 48.

*ಮಳೆ ಹೇಗೆ ಮೋಸ ಮಾಡುತ್ತದೆ?*

ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಅದನ್ನು ಲೋ ಶುಗರ್ ಎನ್ನುತ್ತೇವೆ. ಆಗ ದೇಹ ತಾನೇ ಎಚ್ಚರಿಕೆ ಕೊಡುತ್ತದೆ: ಬೆವರು, ನಡುಕ, ಎದೆ ಡವಡವ, ಹಸಿವು. ಇನ್ನೂ ಇಳಿದರೆ ಮಿದುಳಿಗೆ ಸಕ್ಕರೆ ಸಾಲದೆ ಸಿಡುಕು, ಮಂಕು, ಮಾತು ತೊದಲುವುದು, ಲೆಕ್ಕ ತಪ್ಪುವುದು, ಕೊನೆಗೆ ಪ್ರಜ್ಞೆ ಹೋಗುವುದು.

ಈಗ ಈ ಪಟ್ಟಿಯನ್ನು ಮಳೆಯಲ್ಲಿ ಸೈಕಲ್ ತುಳಿಯುವವರ ಮೇಲಿಟ್ಟು ನೋಡಿ. ಬೆವರು ಮಳೆನೀರಿನಲ್ಲಿ ಕಾಣುವುದಿಲ್ಲ. ನಡುಕವನ್ನು ಚಳಿ ಎನ್ನುತ್ತೇವೆ. ಎದೆ ಡವಡವ ಏರು ಹತ್ತಿದ್ದರಿಂದ ಎನ್ನುತ್ತೇವೆ. ಸಿಡುಕನ್ನು ಸುಸ್ತಿನ ಖಾತೆಗೆ ಹಾಕುತ್ತೇವೆ. ಒಂದೊಂದು ಲಕ್ಷಣಕ್ಕೂ ಒಂದೊಂದು ನೆಪ ತಯಾರಿರುತ್ತದೆ. ಬಿ.ಪಿ.ಗೆ ಅಥವಾ ಹೃದಯಕ್ಕೆ ಮೆಟೊಪ್ರೊಲೋಲ್, ಅಟೆನೊಲೋಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಡವಡವ ಮೊದಲೇ ಅಡಗಿರುತ್ತದೆ. ಉಳಿಯುವ ಸುಳಿವು ಬೆವರೊಂದೇ. ಅದನ್ನೂ ಮಳೆ ತೊಳೆದುಬಿಡುತ್ತದೆ.

ಹಾಗಾಗಿ ನನ್ನ ಈಗಿನ ನಿಯಮ ಸರಳ. ಶುಗರಿಗೆ ಔಷಧ ತೆಗೆದುಕೊಳ್ಳುವವರು ಮಳೆಯಲ್ಲಿ ಹಿಂದೆ ಬಿದ್ದರೆ, ಸಿಡುಕಿದರೆ, ನಡುಗಿದರೆ, ಮೊದಲು ಸಕ್ಕರೆ, ಆಮೇಲೆ ಜಾಕೆಟ್. ಮೀಟರ್ ಇಲ್ಲದಿದ್ದರೂ ಸಕ್ಕರೆ ಕೊಡಿ. ಲೋ ಆಗಿರದಿದ್ದರೆ ಮೂರು ಚಮಚ ಸಕ್ಕರೆಯಿಂದ ಆ ಹೊತ್ತಿಗೆ ದೊಡ್ಡ ಹಾನಿ ಏನೂ ಇಲ್ಲ. ಲೋ ಆಗಿದ್ದು ಕೊಡದಿದ್ದರೆ ಆಗುವ ಹಾನಿ ದೊಡ್ಡದು, ಅದರಲ್ಲೂ ಪಕ್ಕದಲ್ಲೇ ಎಸ್‌ಟಿ ಬಸ್ಸು ಹೋಗುವ ರಸ್ತೆಯಲ್ಲಿ.

ಎಷ್ಟು ಕೊಡಬೇಕು? 15 ಗ್ರಾಂ. ಅಂದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ, ಸ್ವಲ್ಪ ನೀರಿನಲ್ಲಿ ಕದಡಿ. ಅದಿಲ್ಲದಿದ್ದರೆ ಸಾದಾ ಕೋಲಾ 150 ಮಿ.ಲೀ., 'ಡಯಟ್' ಅಲ್ಲ. 15 ನಿಮಿಷ ಕಾದು ಮತ್ತೆ ನೋಡಿ. 70 ದಾಟದಿದ್ದರೆ ಮತ್ತೊಮ್ಮೆ ಅಷ್ಟೇ. ಚಾಕೊಲೇಟು, ಬಿಸ್ಕತ್ತು, ವಡಾಪಾವ್ ಈ ಹೊತ್ತಿಗೆ ಬೇಡ, ಅದರ ಎಣ್ಣೆ-ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಒಂದು ಸಾಮಾನ್ಯ ತಪ್ಪು: "ಓಆರ್‌ಎಸ್ ಕುಡಿಸಿದ್ದೇನಲ್ಲ" ಎನ್ನುವುದು. ಒಂದು ಲೀಟರಿಗೆ ಕದಡುವ ಸರಿಯಾದ ಓಆರ್‌ಎಸ್ ಪ್ಯಾಕೆಟ್ಟಿನಲ್ಲಿ ಗ್ಲುಕೋಸ್ ಇರುವುದು 13.5 ಗ್ರಾಂ ಮಾತ್ರ. ಇಡೀ ಲೀಟರ್ ಕುಡಿದರೂ ಒಂದು ಸಲದ ಪ್ರಮಾಣ ಆಗುವುದಿಲ್ಲ. ಅದು ಬೆವರಿಗೆ ಔಷಧ, ಲೋ ಶುಗರಿಗೆ ಅಲ್ಲ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಒಂದು ಬದಿಗೆ ಹೊರಳಿಸಿ ಮಲಗಿಸಿ 108ಕ್ಕೆ ಕರೆಮಾಡಿ.

ಮೀಟರ್ ಬಗ್ಗೆ ಎರಡು ಮಾತು. ಒದ್ದೆ ಬೆರಳಿನಿಂದ ರಕ್ತ ತೆಗೆದರೆ ನೀರು ಬೆರೆತು ಸಂಖ್ಯೆ ತಪ್ಪಾಗಿ ಕಡಿಮೆ ಬರುತ್ತದೆ. ಬಾಳೆಹಣ್ಣು ಸುಲಿದ ಬೆರಳಿನಿಂದ ತೆಗೆದರೆ ತಪ್ಪಾಗಿ ಹೆಚ್ಚು ಬರುತ್ತದೆ. ಒಣ ಬಟ್ಟೆಯ ತುಂಡೊಂದನ್ನು ಮೀಟರ್ ಜೊತೆಗೇ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಸ್ಟ್ರಿಪ್‌ಗಳಿಗೆ ತೇವ ತಗುಲಿದರೆ ಅವು ಕೆಲಸಕ್ಕೆ ಬಾರವು.

ಭಾವನಿಗೆ ಮೊದಲ ಸಲದ ನಂತರ 64 ಬಂತು. ಎರಡನೆಯ ಸಲ 93. ಆಗ ಅಂಗಡಿಯಾಕೆ, ಅವಳ ಮಾವನಿಗೂ ಹೀಗೇ ಆಗುತ್ತದಂತೆ, ಕೇಳದೆಯೇ ಬಿಸಿ ಭಾಕ್ರಿ-ಭಾಜಿ ತಂದಿಟ್ಟಳು. ಭಾವ ತಿಂದು, ಚಿಲ್ಲರೆ ಎಣಿಸಿ, "ಹತ್ತು ರೂಪಾಯಿ ಹೆಚ್ಚು ಕೊಟ್ಟಿದ್ದಾಳೆ" ಎಂದು ಹಿಂದಕ್ಕೆ ಕೊಟ್ಟರು. ನನ್ನ ಜೀವ ಬಂತು.

ಆದರೂ ಸೈಕಲ್ ಹತ್ತಲು ಬಿಡಲಿಲ್ಲ. ಗ್ಲಿಮೆಪಿರೈಡ್‌ನಂಥ ಮಾತ್ರೆಯ ಕೆಲಸ ಒಂದೆರಡು ಗಂಟೆಗೆ ಮುಗಿಯುವುದಿಲ್ಲ, ಇಡೀ ದಿನ ನಡೆಯುತ್ತಿರುತ್ತದೆ. ಏರಿದ ಸಕ್ಕರೆ ಮತ್ತೆ ಇಳಿಯಬಹುದು. ಹೆಚ್ಚು ದುಡಿದ ಸ್ನಾಯುಗಳು ರಾತ್ರಿಯೆಲ್ಲ ಸಕ್ಕರೆ ಹೀರುತ್ತಿರುತ್ತವೆ, ಹಾಗಾಗಿ ನಿದ್ದೆಯಲ್ಲೂ ಇಳಿಯಬಹುದು. ಒಂದು ಟೆಂಪೊದಲ್ಲಿ ಎರಡೂ ಸೈಕಲ್ ಹಾಕಿ ಮುರುಡ್‌ಗೆ ಹೋದೆವು. ರಾತ್ರಿ ಊಟದ ಮೇಲೆ ಒಮ್ಮೆ, ಎರಡು ಗಂಟೆಗೆ ಅಲಾರಂ ಇಟ್ಟು ಇನ್ನೊಮ್ಮೆ ನೋಡಿದೆ. ಅಕ್ಕನಿಗೆ ಫೋನಿನಲ್ಲಿ "ಸ್ವಲ್ಪ ಸುಸ್ತು" ಎಂದೆ. ಮನೆಗೆ ಬಂದ ಮೇಲೆ ಪೂರ್ತಿ ಹೇಳಿದೆ, ಅದಕ್ಕೆ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ.

*ಹೊರಡುವ ಮೊದಲು ಯಾವ ಮಾತ್ರೆ, ಏನು ಕೇಳಬೇಕು?*

ಎಲ್ಲ ಶುಗರ್ ಮಾತ್ರೆಗಳೂ ಒಂದೇ ಅಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಲೋ ಆಗುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಾಮೈಡ್, ಇನ್ಸುಲಿನ್, ಇವುಗಳಿಂದ ಆಗುತ್ತದೆ. ಎರಡು ಮೂರು ಔಷಧ ಸೇರಿದ ಮಾತ್ರೆಗಳ ಹೆಸರು ನೋಡಿದರೆ ಒಳಗೇನಿದೆ ಎಂದು ಗೊತ್ತಾಗುವುದಿಲ್ಲ, ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರ ಓದಿ. ಇಡೀ ದಿನ ಸೈಕಲ್ ಇದ್ದರೆ ಆ ದಿನದ ಪ್ರಮಾಣ ಕಡಿಮೆ ಮಾಡಬೇಕೇ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ನೀವಾಗಿಯೇ ಬಿಡಬೇಡಿ, ನನ್ನ ಈ ಮೆಸೇಜ್ ತೋರಿಸಿ ಅಳಿಯನಿಗೂ ಬಿಡಿಸಬೇಡಿ.

ಈಗ ಹೆಚ್ಚು ಬಳಕೆಯಲ್ಲಿರುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ಒದ್ದೆ ಚಡ್ಡಿಯಲ್ಲಿ ಎಂಟು ಗಂಟೆ ಕುಳಿತರೆ ಅಂಥವರಿಗೆ ತೊಡೆಸಂದಿಯ ಫಂಗಸ್ ಬೇಗ ಹಿಡಿಯುತ್ತದೆ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಅದನ್ನೂ ಹೇಳಿ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವವರು, ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರ ಒಪ್ಪಿಗೆ ಇಲ್ಲದೆ ಹೊರಡುವುದೇ ಬೇಡ.

*ಮಳೆಯಲ್ಲೂ ಬಾಯಾರಿಕೆ?*

ಮಳೆಯಲ್ಲಿ ಬೆವರುವುದಿಲ್ಲ ಎಂಬುದು ಭ್ರಮೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಆರದ ಬೆವರು ದೇಹವನ್ನು ತಂಪು ಮಾಡುವುದಿಲ್ಲ. ಮೇಲೆ ಪ್ಲಾಸ್ಟಿಕ್ ರೇನ್‌ಕೋಟು ಹಾಕಿದರಂತೂ ಒಳಗೆ ಇಡ್ಲಿ ಪಾತ್ರೆ. ನೀರು, ಉಪ್ಪು ಎರಡೂ ಹೋಗುತ್ತಿರುತ್ತದೆ, ಮೈ ಒದ್ದೆಯಾಗಿ ತಣ್ಣಗಿರುವುದರಿಂದ ಬಾಯಾರಿಕೆ ಮಾತ್ರ ತಿಳಿಯುವುದಿಲ್ಲ. ಗಂಟೆಗೆ ಅರ್ಧ ಲೀಟರ್ ಆಸುಪಾಸು ಗುಟುಕು ಗುಟುಕಾಗಿ ಕುಡಿಯಿರಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಉಪ್ಪಿನಂಶ ತೆಳುವಾಗಿ ಬೇರೆ ತೊಂದರೆ. ಉಪ್ಪು-ಸಕ್ಕರೆ ಹಾಕಿದ ನಿಂಬೆ ಶರಬತ್ತು, ಮಜ್ಜಿಗೆ, ದಾರಿಯಲ್ಲಿ ಸಿಗುವ ಕೋಕಂ ಶರಬತ್ತು, ಎಲ್ಲ ಒಳ್ಳೆಯದೇ. ಮಧ್ಯಾಹ್ನದವರೆಗೆ ಮೂತ್ರ ಬಂದಿಲ್ಲ, ಬಂದರೂ ಕಡು ಹಳದಿ ಎಂದಾದರೆ ಕುಡಿದದ್ದು ಸಾಲಲಿಲ್ಲ.

ನಿಂತ ಕೂಡಲೇ ಕತೆ ಉಲ್ಟಾ. ತುಳಿಯುವಾಗ ಹುಟ್ಟುತ್ತಿದ್ದ ಶಾಖ ನಿಲ್ಲುತ್ತದೆ, ಒದ್ದೆ ಬಟ್ಟೆ ಮತ್ತು ಕಡಲಗಾಳಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತವೆ. ಚಾ ಕುಡಿಯಲು ನಿಂತಾಗ ಹಲ್ಲು ಕಟಕಟ ಎನ್ನುವುದು ಅದಕ್ಕೇ. ಒಂದು ಒಣ ಬನಿಯನ್, ಒಂದು ಪಂಚೆಯನ್ನು ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಯ್ಯಿರಿ. ಒಳಗೆ ಹತ್ತಿಗಿಂತ ಬೇಗ ಒಣಗುವ ಬಟ್ಟೆ ವಾಸಿ.

*ಗಾಯ, ಕೆಸರು, ಇಲಿ ಜ್ವರ*

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲಿ, ದನ ಮುಂತಾದ ಪ್ರಾಣಿಗಳ ಮೂತ್ರ ಸೇರಿದ ನೀರು ಗಾಯದ ಮೂಲಕ ದೇಹಕ್ಕೆ ಸೇರಿದರೆ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್ ಬರಬಹುದು. 2005ರ ಜುಲೈ 26ರ ಪ್ರಳಯದ ನಂತರ ಮುಂಬೈಯಲ್ಲಿ ಅದು ಎಷ್ಟು ಹಬ್ಬಿತೆಂದು ಇಲ್ಲಿಯ ಹಳಬರಿಗೆ ನೆನಪಿದೆ. ಪೆಡಲಿನ ಹಲ್ಲು ಮೊಣಕಾಲ ಕೆಳಗೆ ಗೀರುವುದು, ಅದೇ ಕಾಲನ್ನು ಹಳ್ಳಿಯ ನಿಂತ ನೀರಿನಲ್ಲಿ ಅದ್ದುವುದು, ಎರಡೂ ಸೈಕಲ್‌ನವರಿಗೆ ಮಾಮೂಲು. ಗೀರು ಬಿದ್ದರೆ ಶುದ್ಧ ನೀರು, ಸಾಬೂನಿನಿಂದ ತೊಳೆದು ನೀರು ಹೋಗದ ಪಟ್ಟಿ ಹಾಕಿ. ಶುಗರ್ ಇದ್ದವರು ರಾತ್ರಿ ಪಾದದ ಅಡಿ, ಬೆರಳ ಸಂದು ನೋಡಿಕೊಳ್ಳಲೇಬೇಕು.

ಕೆಸರುನೀರಿನಲ್ಲಿ ಗಾಯ ನೆಂದಿದ್ದರೆ ಡಾಕ್ಟರನ್ನು ಕೇಳಿ, ಅಗತ್ಯವಿದ್ದರೆ ಮುನ್ನೆಚ್ಚರಿಕೆಗೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ, ತಲೆನೋವು, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡರೆ "ಮಳೆಯಲ್ಲಿ ನೆನೆದದ್ದಕ್ಕೆ ಬಂದಿದೆ" ಎಂದು ಕಷಾಯ ಕುಡಿದು ಕೂರಬೇಡಿ. ಅದರಲ್ಲೂ ಕಾಲುನೋವನ್ನು ಸೈಕಲ್ ತುಳಿದದ್ದಕ್ಕೆ ಎಂದು ತಳ್ಳಿಹಾಕುತ್ತಾರೆ. ಕಣ್ಣು ಹಳದಿಯಾಗಿ, ಮೂತ್ರ ಕಡಿಮೆಯಾದ ಮೇಲೆ ಬಂದರೆ ನಮ್ಮ ಕೈಯಲ್ಲಿ ಸಮಯ ಉಳಿದಿರುವುದಿಲ್ಲ. ಡಾಕ್ಟರಿಗೆ "ಮಳೆನೀರಿನಲ್ಲಿ ಸೈಕಲ್ ತುಳಿದಿದ್ದೆ, ಕಾಲಿಗೆ ಗಾಯವಿತ್ತು" ಎಂಬ ಒಂದು ವಾಕ್ಯ ಹೇಳಿದರೆ ಅರ್ಧ ರೋಗನಿದಾನ ಆದ ಹಾಗೆ.

ತೊಡೆ ಉಜ್ಜಿ ಹುಣ್ಣಾಗದಂತೆ ಹೊರಡುವ ಮೊದಲೇ ವ್ಯಾಸಲೀನ್ ಹಚ್ಚಿ. ಪ್ಯಾಡ್ ಇರುವ ಸೈಕಲ್ ಚಡ್ಡಿಯ ಒಳಗೆ ಬೇರೆ ಒಳಚಡ್ಡಿ ಬೇಡ. ತಲುಪಿದ ತಕ್ಷಣ ಫೋಟೋ ಕಳಿಸುವ ಮೊದಲು ಬಟ್ಟೆ ಬದಲಿಸಿ. ತುರಿಕೆ ಶುರುವಾದರೆ ಅಂಗಡಿಯವನು ಕೊಡುವ 'ಮೂರೂ ಇರುವ' ಮುಲಾಮು ಹಚ್ಚಬೇಡಿ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ, ತುರಿಕೆ ಎರಡು ದಿನ ಅಡಗಿ ಫಂಗಸ್ ಮಾತ್ರ ಹಬ್ಬುತ್ತದೆ. ವರ್ಷಗಟ್ಟಲೆ ಅದೇ ಹಚ್ಚಿ ಕೆಡಿಸಿಕೊಂಡು ಬರುವವರನ್ನು ಮಳೆಗಾಲದಲ್ಲಿ ದಿನವೂ ನೋಡುತ್ತೇನೆ.

*ಸೈಕಲ್, ರಸ್ತೆ*

ಚಕ್ರದ ಅಂಚನ್ನು ಒತ್ತುವ ಹಳೆಯ ಬ್ರೇಕ್ ಆದರೆ ಒದ್ದೆಯಲ್ಲಿ ತಡವಾಗಿ ಹಿಡಿಯುತ್ತದೆ, ಇಳಿಜಾರಿನಲ್ಲಿ ಮೊದಲಿಂದಲೇ ಮೆಲ್ಲಗೆ ಒತ್ತುತ್ತಾ ಬನ್ನಿ. ರಸ್ತೆಯ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ, ಪಾಚಿ, ಕೆಂಪು ಕೆಸರು ಜಾರುತ್ತವೆ. ತಳ ಕಾಣದ ನೀರಿನೊಳಗೆ ಚಕ್ರ ಇಳಿಸಬೇಡಿ. ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯಲಿ. ಸೀಟು ತೀರಾ ಕೆಳಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ: ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರ ಆಗುವಷ್ಟು ಎತ್ತರ ಸಾಕು. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದರೆ ಅಂಗೈಯ ನರ ಒತ್ತಿದೆ ಎಂದರ್ಥ, ಹಿಡಿತ ಬದಲಿಸುತ್ತಿರಿ. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಮನೆಯಲ್ಲೇ ಬಜ್ಜಿ ಕರಿಯಿರಿ. ಗುಡುಗು ಕೇಳಿದರೆ ಮರದ ಕೆಳಗಲ್ಲ, ಕಟ್ಟಡದೊಳಗೆ ಹೋಗಿ. ಅಲೆ ನೋಡಲು ಬಂಡೆಯ ಮೇಲೆ ಇಳಿಯಬೇಡಿ.

*ಭಾವನ ಎರಡನೆಯ ಪ್ರಯಾಣ*

ಅವರ ಡಾಕ್ಟರು ಮಾತ್ರೆಯ ಲೆಕ್ಕವನ್ನು ಮತ್ತೆ ಹಾಕಿದರು. ಸೈಕಲ್ ದಿನಕ್ಕೆ ಬೇರೆ ಪ್ರಮಾಣ ಬರೆದುಕೊಟ್ಟರು. ಆಗಸ್ಟ್ ಕೊನೆಯಲ್ಲಿ ಮತ್ತೆ ಹೊರಟೆವು. ಈ ಸಲ ಅಕ್ಕ ಕತ್ತಲಲ್ಲೇ ಎದ್ದು ಇಡ್ಲಿ ಮಾಡಿ, ಅವರು ತಿಂದದ್ದನ್ನು ಎಣಿಸಿ ಕಳಿಸಿದಳು. ಜೇಬಿನಲ್ಲಿ ಗ್ಲುಕೋಸ್ ಪುಡಿಯ ಮೂರು ಪೊಟ್ಟಣ, ಪ್ರತಿಯೊಂದರಲ್ಲೂ ಮೂರು ಚಮಚ. ಒಂದು ನನ್ನ ಜೇಬಿನಲ್ಲೂ. ಗಂಟೆಗೊಮ್ಮೆ ನಿಂತು ಬಾಳೆಹಣ್ಣೋ ಚಿಕ್ಕಿಯೋ ತಿನ್ನುವುದು, ಎರಡು ಗಂಟೆಗೊಮ್ಮೆ ಬೆರಳು ಚುಚ್ಚುವುದು. ನಿಂತಾಗಲೆಲ್ಲ ನಾನು ಏಳರ ಮಗ್ಗಿ ಕೇಳುತ್ತಿದ್ದೆ. "ನಿನ್ನ ಡಾಕ್ಟರಿಕೆ ಸಾಕು" ಎಂದು ಬೈಯುತ್ತಲೇ ತಪ್ಪಿಲ್ಲದೆ ಹೇಳುತ್ತಿದ್ದರು.

ಕಾಶಿದ್‌ನ ಏರಿನ ಮೇಲೆ ಅದೇ ಅಂಗಡಿ. ಎರಡು ಚಾ ಕುಡಿದು ಭಾವ ಸರಿಯಾಗಿ ಚಿಲ್ಲರೆ ಎಣಿಸಿಯೇ ಕೊಟ್ಟರು. ಅಂಗಡಿಯಾಕೆ ಗುರುತು ಹಿಡಿದು ನಕ್ಕಳು. ಸಂಜೆ ಮುರುಡ್ ದಾಟಿ ರಾಜಪುರಿಯ ಜೆಟ್ಟಿಯವರೆಗೂ ತುಳಿದೆವು. ಜಂಜಿರಾ ಕೋಟೆಗೆ ದೋಣಿಗಳು ಇನ್ನೂ ಶುರುವಾಗಿರಲಿಲ್ಲ. ಜಿನುಗು ಮಳೆಯಲ್ಲಿ ದೂರದಿಂದಲೇ ಕೋಟೆ ನೋಡುತ್ತಾ ನಿಂತಾಗ ಮೀಟರ್ 126 ತೋರಿಸಿತು. ಆ ಫೋಟೋವನ್ನೇ ಅಕ್ಕನಿಗೆ ಕಳಿಸಿದೆ, ಕೋಟೆಯದ್ದಲ್ಲ.